ನೊಣದ ರೆಕ್ಕೆ

ಮಂಡಿ ಮೊಹಲ್ಲಾದ ಈ ಗಲ್ಲಿಯಲ್ಲಿ ನನ್ನದು
ಬೀಟೆ ಹಲಗೆಯಲ್ಲಿ ಊರು ಕೂರಿಸುವ ಕೆಲಸ.
ಬಿಸಿಲಿಗೆ ಹಲಸಿನ ಹಳದಿ, ದಾರಿಗೆ ಮಾವಿನ ಮಂಕು,
ದೂರದ ಬೆಟ್ಟಕ್ಕೆ ತಿಳಿ ಬಣ್ಣದ ಚೂರು, ಹತ್ತಿರದ ಆನೆಗೆ ಕಪ್ಪು.
ಉಜ್ಜಿ ಪಾಲಿಶ್ ಹಾಕಿದ ಮೇಲೆ
ಬೆಟ್ಟ ನಿಜಕ್ಕೂ ಹಿಂದೆ ಸರಿಯುತ್ತದೆ.
ಕೈಯಾಡಿಸಿ ನೋಡಿ, ಆನೆಯೂ ಬೆಟ್ಟವೂ ಒಂದೇ ಮಟ್ಟ:
ಉಗುರಿಗೂ ಸಿಗದ ಹಾಗೆ ಕೂರಿಸುವುದೇ ಕಸುಬು.

ಅಂಚು ನೇರವಿದೆಯೇ ಎಂದು ನೋಡಲು
ಹಲಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತೇನೆ.
ಅಬ್ಬಾಜಾನ್ ಹಾಗೆ ಮಾಡುತ್ತಿದ್ದರು, ಅವರ ಉಸ್ತಾದರೂ.
ನೋಡಿ ಮುಗಿದರೆ ಮತ್ತೆ ತೆರೆಯುತ್ತೇನೆ.
ಮಗಳು ರುಮಾನಾ ಎರಡೂ ತೆರೆದುಕೊಂಡೇ
ಒಂದರಲ್ಲಿ ನೋಡುತ್ತಿದ್ದಳು, ಏಳು ವರ್ಷ.

ಕೂದಲೆಳೆಯ ಸಂದು ಕಾಣುವ ನನಗೆ
ಇದು ಕಾಣಲಿಲ್ಲ.
ಚೆಂಡು ಎದೆಗೆ ಬಡಿದ ಮೇಲೆ ಕೈ ಮುಚ್ಚುತ್ತಿದ್ದಳು,
ಮಹಡಿ ಇಳಿಯುವಾಗ ಕೊನೆಯ ಮೆಟ್ಟಿಲನ್ನು
ಕಾಲ್ಬೆರಳಿಂದ ತಡವಿ ಕೇಳುತ್ತಿದ್ದಳು: ಇದ್ದೀಯಾ?
ಚಹಾ ಬಗ್ಗಿಸಿದರೆ ಅರ್ಧ ಲೋಟಕ್ಕೆ, ಅರ್ಧ ಚಾಪೆಗೆ.
"ಗ್ಯಾನ ಎಲ್ಲಿಟ್ಟಿದ್ದೀಯ?" ಎಂದು ಸಬೀಹಾ ಬೈದಳು.
ನಾನೂ ಒಂದು ಸಲ, ಜೋರಾಗಿಯೇ.

ಸ್ಕೂಲಿನ ಕಣ್ಣು ತಪಾಸಣೆ. ಎಡಗಣ್ಣು ಮುಚ್ಚಿದಾಗ
ಕೊನೆಯ ಸಾಲಿನವರೆಗೂ ಪಟಪಟ ಓದಿದಳಂತೆ.
ಬಲಗಣ್ಣು ಮುಚ್ಚಿದರು.
"ಮಿಸ್, ಅಕ್ಷರ ನೆಂದಿವೆ" ಅಂದಳಂತೆ.

ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ ಹೆಸರು ಸೋಮಾರಿ ಕಣ್ಣು.
ನನಗೆ ಸಿಟ್ಟು ಬಂತು. ಯಾರು ಸೋಮಾರಿ?
ಆ ಎಡಗಣ್ಣು ಬೆಳಗಿಂದ ಸಂಜೆತನಕ ತೆರೆದೇ ಇತ್ತು,
ಕಂಡದ್ದನ್ನೆಲ್ಲ ಒಳಗೆ ಕಳಿಸುತ್ತಲೇ ಇತ್ತು,
ಮಸುಕೋ ಮಬ್ಬೋ, ತನಗಾದಷ್ಟು.
ಒಳಗೆ ಕೂತ ಧಣಿ ಬಲಗಣ್ಣಿನ ಮಾಲು ಮಾತ್ರ ಇಳಿಸಿಕೊಂಡು
ಇದರದನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದ.
ಕೂಲಿ ಸಿಗದವನನ್ನು ಸೋಮಾರಿ ಎನ್ನುವುದು
ನಮ್ಮ ಗಲ್ಲಿಗೂ ಹೊಸದಲ್ಲ.

ಒಂದು ಕೆಂಪು, ಒಂದು ಹಸಿರು ಗಾಜಿನ ಕನ್ನಡಕ ಹಾಕಿ
ಗೋಡೆಯ ಪೆಟ್ಟಿಗೆಯಲ್ಲಿ ನಾಲ್ಕು ದೀಪ ಹೊತ್ತಿಸಿದರು.
"ಎಷ್ಟಮ್ಮ?"
"ಎರಡು."
ಎರಡೂ ಕಣ್ಣು ತೆರೆದೇ ಇವೆ ಸಾರ್, ಎಂದೆ,
ಅವರಿಗೆ ಗೊತ್ತಿಲ್ಲವೆಂಬಂತೆ.

ಆಮೇಲೆ ಒಂದು ಪುಸ್ತಕ. ಪುಟದ ತುಂಬ ನೊಣದ ಚಿತ್ರ.
ಬೇರೆ ಕನ್ನಡಕ. ರೆಕ್ಕೆ ಹಿಡಿ ಎಂದರು.
ಅವಳ ಬೆರಳು ಹೋಗಿ ಕಾಗದ ಚಿವುಟಿತು.
"ನೀವೂ ನೋಡಿ" ಎಂದು ನನಗೆ ಕೊಟ್ಟರು.
ರೆಕ್ಕೆ ಎದ್ದು ನಿಂತಿತ್ತು, ಪುಟದಿಂದ ಎರಡು ಅಂಗುಲ ಮೇಲೆ,
ನನ್ನ ಬೆರಳು ಬರಿಗಾಳಿಯನ್ನು ಹಿಡಿದಿತ್ತು.
ರುಮಾನಾ ನನ್ನ ಕೈ ನೋಡಿ ನಕ್ಕಳು:
"ಅಬ್ಬೂ, ಅಲ್ಲೇನೂ ಇಲ್ಲ."

ಆ ರಾತ್ರಿ ಅಂಗಡಿಯಲ್ಲಿ ದೀಪ ಹಾಕಿ
ಮುಗಿದ ಹಲಗೆಯ ಮುಂದೆ ಕೂತೆ.
ಅವಳು ನಡೆಯುವ ಮೊಹಲ್ಲಾ ಇದೇ ಏನೋ:
ಟಾಂಗಾ, ಕರೆಂಟು ಕಂಬ, ಎದುರು ಬರುವ ಸ್ಕೂಟರು
ಎಲ್ಲ ಒಂದೇ ಹಲಗೆಯಲ್ಲಿ ಕೂತಿವೆ.
ಯಾವುದು ಮುಂದೆಂದು ಬಣ್ಣ ನೋಡಿ, ಗಾತ್ರ ನೋಡಿ
ಅವಳೇ ಲೆಕ್ಕ ಹಾಕಬೇಕು, ಓಡುತ್ತ ಓಡುತ್ತ.
ನಾನು ಒಂದು ಕಣ್ಣು ಮುಚ್ಚಿ ಅಂಗಡಿ ದಾಟಿದೆ.
ಗರಗಸಕ್ಕೆ ಕೈ ಚಾಚಿದೆ. ಸಿಗುವ ಮೊದಲೇ ಮುಷ್ಟಿ ಮುಚ್ಚಿತು.

ಈಗ ಬಲಗಣ್ಣಿಗೆ ದಿನಕ್ಕೆರಡು ಗಂಟೆ ಪಟ್ಟಿ.
"ತಪ್ಪು ಅದರದು, ಶಿಕ್ಷೆ ಇದಕ್ಕೇಕೆ?" ಎಂದು ಅತ್ತಳು,
ಕಿತ್ತು ಗೋಡೆಗೆ ಅಂಟಿಸಿದಳು. ಗೋಡೆಯಲ್ಲೀಗ ಹನ್ನೊಂದು ಪಟ್ಟಿ.
ಎಡಗಣ್ಣಿನ ಅಕ್ಷರಗಳು ನಿಧಾನ ಒಣಗುತ್ತಿವೆ.
ಪಟ್ಟಿ ತೆಗೆದಾಗ ಎರಡೂ ಕೂಡಿ ನೋಡುತ್ತವೋ ಇಲ್ಲವೋ
ಡಾಕ್ಟರು ಮಾತು ಕೊಟ್ಟಿಲ್ಲ.
ಹೋದ ತಿಂಗಳು ದೀಪ ನಾಲ್ಕೆಂದಳು. ತಡೆದು, ಅಲ್ಲ, ಎರಡು.
ನೊಣದ ರೆಕ್ಕೆಗೆ ಹೋದ ಬೆರಳು
ಕಾಗದ ಮುಟ್ಟುವ ಮೊದಲು ಒಂಚೂರು ಅನುಮಾನಿಸಿತು.
ಕೂದಲೆಳೆಯಷ್ಟು. ನಾನು ಅಳೆಯಬಲ್ಲೆ.

ಸಂಜೆ ಚಹಾ ಅವಳೇ ತರುತ್ತಾಳೆ.
ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ,
ಟಿಣ್ ಅನ್ನಿಸಿ, ಆಮೇಲೆ ಬಗ್ಗಿಸುತ್ತಾಳೆ.
ಯಾರೂ ಕಲಿಸಿದ್ದಲ್ಲ.
ಇನ್ನೂ ಅದು ಬೇಕೋ, ಬರೀ ಅಭ್ಯಾಸವೋ, ನಾನು ಕೇಳಿಲ್ಲ.
ಉಳಿ ಕೆಳಗಿಟ್ಟು ಆ ಸದ್ದಿಗೆ ಕಾಯುತ್ತೇನೆ.